ಸುಳ್ಳು ಬಿಸಿ, ನಿಜವಾದ ನೋವು

ತಣ್ಣನೆಯ ಮತ್ತು ಬೆಚ್ಚನೆಯ ಲೋಹದ ಕಂಬಿಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಜೋಡಿಸಿ, ಅವುಗಳ ಮೇಲೆ ಅಂಗೈ ಊರಿದರೆ ಸುಟ್ಟಂಥ ಉರಿ ಏಳುತ್ತದೆ. ತಣ್ಣನೆಯ ಕಂಬಿಗಳ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್, ಬೆಚ್ಚನೆಯವುಗಳದು 40. ಬಿಡಿಬಿಡಿಯಾಗಿ ಮುಟ್ಟಿದರೆ ಎರಡರಿಂದಲೂ ನೋವಿಲ್ಲ; 40 ಡಿಗ್ರಿ ಎಂದರೆ ಸ್ನಾನದ ನೀರಿನ ಹದ. ಎರಡೂ ಒಟ್ಟಿಗೆ ತಾಗಿದಾಗ ಮಾತ್ರ ಕೈಯನ್ನು ಸರಕ್ಕನೆ ಹಿಂದೆಗೆಯುವಂತಾಗುತ್ತದೆ. ಚರ್ಮಕ್ಕೆ ಯಾವ ಗಾಯವೂ ಆಗಿರುವುದಿಲ್ಲ. ಸ್ವೀಡನ್ನಿನ ಶರೀರವಿಜ್ಞಾನಿ ಟೋರ್ಸ್ಟನ್ ಥೂನ್‌ಬೆರ್ಗ್ 1896ರಲ್ಲಿ ವಿವರಿಸಿದ ಈ ವಿದ್ಯಮಾನಕ್ಕೆ ‘ಥರ್ಮಲ್ ಗ್ರಿಲ್ ಭ್ರಮೆ’ ಎಂದು ಹೆಸರು. ಎಲ್ಲರಿಗೂ ಇದು ಒಂದೇ ತೀವ್ರತೆಯಲ್ಲಿ ಆಗುವುದಿಲ್ಲ. ಕೆಲವರಿಗೆ ಬರಿಯ ಬಿಸಿ ಅನ್ನಿಸಿದರೆ, ಕೆಲವರಿಗೆ ಸ್ಪಷ್ಟವಾದ ನೋವು. ಇಲ್ಲಿ ಭ್ರಮೆ ಯಾವುದು, ಬಿಸಿಯೋ ನೋವೋ ಎಂಬುದೇ ತತ್ತ್ವಶಾಸ್ತ್ರದ ಪ್ರಶ್ನೆ.

ಇದಕ್ಕಿಂತ ಹಳೆಯದೊಂದು ಉದಾಹರಣೆ ತತ್ತ್ವಜ್ಞಾನಿ ಜಾನ್ ಲಾಕ್‌ನ ಬರಹದಲ್ಲಿದೆ. ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದು ಕೈಗೆ ಬೆಚ್ಚಗೆ ಅನ್ನಿಸಬಹುದು. ಆದ್ದರಿಂದ ನಮಗೆ ತೋರುವ ಬಿಸಿ, ತಂಪುಗಳು ತೋರುವ ಹಾಗೆಯೇ ನೀರಿನಲ್ಲಿ ಇರಲಾರವು ಎಂದು ಲಾಕ್ ವಾದಿಸಿದ. ಅಲ್ಲಿ ಚರ್ಮ ತಪ್ಪುವುದು ಅಳತೆಯಲ್ಲಿ ಮಾತ್ರ. ಗ್ರಿಲ್‌ನಲ್ಲಿ ಹಾಗಲ್ಲ, ಸುಡುವ ವಸ್ತು ಎಲ್ಲಿಯೂ ಇಲ್ಲದೆ ಸುಟ್ಟ ಅನುಭವ ಹುಟ್ಟುತ್ತದೆ.

ಅದು ಹುಟ್ಟುವ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಚರ್ಮದ ನರತುದಿಗಳಲ್ಲಿ ಉಷ್ಣತೆಯನ್ನು ಗುರುತಿಸುವ ಪ್ರೋಟೀನುಗಳಿವೆ. ಅವುಗಳಲ್ಲಿ ಟಿಆರ್‌ಪಿವಿ1 ಎಂಬುದು ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ಎಚ್ಚೆತ್ತುಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ಅದನ್ನೇ ಕೆರಳಿಸುವುದರಿಂದ ಖಾರ ತಿಂದ ಬಾಯಿ ಉರಿಯುತ್ತದೆ. ಇದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೌಟಿಯನ್ ಜೊತೆಗೆ 2021ರ ನೊಬೆಲ್ ಬಹುಮಾನ ಪಡೆದರು. ಆದರೆ 40 ಡಿಗ್ರಿಯ ಕಂಬಿ ಆ ಮಿತಿಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಉರಿಯ ಮೂಲವನ್ನು ಚರ್ಮಕ್ಕಿಂತ ಒಳಗೆ, ಬೆನ್ನುಹುರಿ ಮತ್ತು ಮಿದುಳಿನಲ್ಲಿ ಹುಡುಕಬೇಕಾಯಿತು. 1994ರಲ್ಲಿ ಸಂಶೋಧಕರಾದ ಕ್ರೇಗ್ ಮತ್ತು ಬುಶ್ನೆಲ್ ಒಂದು ವಿವರಣೆ ಕೊಟ್ಟರು. ತಣ್ಣನೆಯ ಸ್ಪರ್ಶ ಬೆನ್ನುಹುರಿಯ ಎರಡು ಬಗೆಯ ನರಕೋಶಗಳನ್ನು ಚುರುಕುಗೊಳಿಸುತ್ತದೆ. ಒಂದು ಬಗೆಯವು ತಂಪನ್ನಷ್ಟೇ ತಿಳಿಸುತ್ತವೆ, ಇನ್ನೊಂದು ಬಗೆಯವು ಸುಡುಬಿಸಿ, ಚಿವುಟು, ಚಳಿ ಮೂರಕ್ಕೂ ಸ್ಪಂದಿಸಿ ನೋವನ್ನು ತಿಳಿಸುತ್ತವೆ. ಸಾಮಾನ್ಯವಾಗಿ ತಂಪಿನ ಸುದ್ದಿ ನೋವಿನ ಸುದ್ದಿಯನ್ನು ಅದುಮಿಡುತ್ತದೆ. ನಡುವೆ ಬೆಚ್ಚನೆಯ ಕಂಬಿಗಳು ಸೇರಿದಾಗ ತಂಪಿನ ಸುದ್ದಿ ಕುಗ್ಗುತ್ತದೆ, ಅದುಮಿಟ್ಟ ನೋವು ಮೇಲೆ ಬರುತ್ತದೆ. ಈ ವಿವರಣೆ ಸರಿಯಾದರೆ ಗ್ರಿಲ್‌ನ ಉರಿ ಹುಟ್ಟುವುದು ಬೆಚ್ಚನೆಯ ಕಂಬಿಗಳಿಂದಲ್ಲ, ತಣ್ಣನೆಯವುಗಳಿಂದ. ಬಿಸಿ, ತಂಪಿನ ಸಂಕೇತಗಳು ಒಳಗೆ ಒಂದುಗೂಡಿ ನೋವಾಗುತ್ತವೆ ಎನ್ನುವ ಸಂಶೋಧಕರೂ ಇದ್ದಾರೆ, ಚರ್ಚೆ ಮುಗಿದಿಲ್ಲ.

ಬೆರಳುಗಳಿಂದಲೂ ಈ ಭ್ರಮೆಯನ್ನು ಹುಟ್ಟಿಸಬಹುದು. ತೋರುಬೆರಳು, ಉಂಗುರಬೆರಳುಗಳನ್ನು ಬೆಚ್ಚನೆಯ ನೀರಿನಲ್ಲೂ ನಡುಬೆರಳನ್ನು ತಣ್ಣೀರಿನಲ್ಲೂ ಅದ್ದಿದರೆ, ತಣ್ಣೀರಿನಲ್ಲಿರುವ ನಡುಬೆರಳೇ ಬಿಸಿಯಾಗಿ ಉರಿಯುತ್ತದೆ. ಲಂಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡೂ ಕೈಗಳ ಬೆರಳುಗಳನ್ನು ಹೀಗೆ ಅದ್ದಿಸಿ, ಬಳಿಕ ಒಂದಕ್ಕೊಂದು ತಾಗಿಸಿದಾಗ ಆ ಬಿಸಿ ಗಣನೀಯವಾಗಿ ಇಳಿಯಿತು. ಬೇರೆಯವರ ಕೈಯನ್ನು ಮುಟ್ಟಿದಾಗ ಇಳಿಯಲಿಲ್ಲ. ತನ್ನ ದೇಹದ ಬಗ್ಗೆ ಮಿದುಳು ಕಟ್ಟಿಕೊಂಡ ಚಿತ್ರವೂ ಉರಿಯ ಏರಿಳಿತದಲ್ಲಿ ಪಾಲುದಾರ ಎಂಬುದಕ್ಕೆ ಇದು ಗಟ್ಟಿ ಸೂಚನೆ.

ತತ್ತ್ವಜ್ಞಾನಿ ಬಾರ್ಕ್ಲಿ 1713ರ ಸಂವಾದಗಳಲ್ಲಿ ಹೂಡಿದ ವಾದವೊಂದು ಇಲ್ಲಿ ಹೊಸ ಪರೀಕ್ಷೆಗೆ ಒಳಗಾಗುತ್ತದೆ. ಅತಿಯಾದ ಬಿಸಿ ಮತ್ತು ನೋವು ಅನುಭವದಲ್ಲಿ ಬೇರೆಬೇರೆಯಲ್ಲ. ನೋವು ಜಡವಸ್ತುವಿನಲ್ಲಿ ಇರಲಾರದು. ಆದ್ದರಿಂದ ಆ ಬಿಸಿಯೂ ವಸ್ತುವಿನಲ್ಲಿಲ್ಲ ಎಂಬುದು ಅವನ ವಾದ. ಗ್ರಿಲ್ ಮುಟ್ಟಿದವರಿಗೂ ಬಿಸಿ, ನೋವು ಒಂದಾಗಿಯೇ ಬರುತ್ತವೆ. ಆದರೆ ನಿಜವೋ ಸುಳ್ಳೋ ಎಂದು ಕೇಳಿದ ಕೂಡಲೇ ಅವು ಬೇರೆಯಾಗುತ್ತವೆ. ಕಂಬಿ ಸುಡುವಷ್ಟು ಬಿಸಿಯಾಗಿಲ್ಲ ಎಂದು ಉಷ್ಣಮಾಪಕ ತೋರಿಸಬಲ್ಲದು. ನೋವಾಗಿಲ್ಲ ಎಂದು ತೋರಿಸುವ ಉಪಕರಣವಿಲ್ಲ. ಸಾಲ್ ಕ್ರಿಪ್ಕೆ 1970ರ ಉಪನ್ಯಾಸಗಳಲ್ಲಿ ಈ ಅಂತರವನ್ನು ಸ್ಪಷ್ಟವಾಗಿ ಹಿಡಿದ. ಬಿಸಿ ಎಂದರೆ ಅಣುಗಳ ಚಲನೆ, ಅದಿಲ್ಲದೆಯೂ ಬಿಸಿಯ ಅನುಭವ ಆಗಬಹುದು. ನೋವಿನ ಅನುಭವವಾಯಿತು ಎಂದರೆ ನೋವೇ ಆಯಿತು.

ನ್ಯಾಯ-ವೈಶೇಷಿಕರ ವಿಂಗಡಣೆಯೂ ಇದೇ ಗೆರೆಯ ಮೇಲೆ ನಿಲ್ಲುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಶೀತ, ಉಷ್ಣ, ಅನುಷ್ಣಾಶೀತ ಎಂಬ ಸ್ಪರ್ಶಗಳು ದ್ರವ್ಯಗಳ ಗುಣ, ಅವನ್ನು ಅರಿಯುವುದು ತ್ವಗಿಂದ್ರಿಯ. ದುಃಖವಾದರೋ ಆತ್ಮದ ಗುಣ, ಅದನ್ನು ಅರಿಯುವುದು ಮನಸ್ಸು. ತಣ್ಣನೆಯದನ್ನು ಬಿಸಿಯೆಂದು ತಿಳಿಯುವುದು ನೈಯಾಯಿಕರಿಗೆ ಅನ್ಯಥಾಖ್ಯಾತಿ, ಅಂದರೆ ಒಂದನ್ನು ಇನ್ನೊಂದಾಗಿ ಗ್ರಹಿಸುವ ತಪ್ಪು. ಆ ತಪ್ಪು ದ್ರವ್ಯದ ಗುಣವನ್ನು ಕುರಿತದ್ದು. ಅದರಿಂದ ಹುಟ್ಟಿದ ದುಃಖವನ್ನು ಅದು ಅಳಿಸುವುದಿಲ್ಲ.

ನೋವು ಸುಳ್ಳಾಗಲಾರದು ಎಂಬ ಈ ನಿಲುವಿಗೆ ಆಕ್ಷೇಪವೂ ಇದೆ. ಮೈಕೆಲ್ ಟೈ ಮೊದಲಾದವರ ಪ್ರಕಾರ ನೋವು ದೇಹದಲ್ಲಿ ಆಗಿರುವ ಹಾನಿಯನ್ನು ಸೂಚಿಸುವ ಗ್ರಹಿಕೆ. ಹಾಗಿದ್ದರೆ ಗಾಯವೇ ಇಲ್ಲದ ಗ್ರಿಲ್‌ನ ನೋವು ಸುಳ್ಳು ವರದಿ. ವರದಿ ಸುಳ್ಳೆಂಬುದನ್ನು ಒಪ್ಪಬಹುದು, ಆದರೆ ಅಷ್ಟಕ್ಕೇ ನೋವು ಸುಳ್ಳಾಗುವುದಿಲ್ಲ. ಕಂಬಿಗಳ ಉಷ್ಣತೆಯನ್ನು ಮೊದಲೇ ಬಲ್ಲವರಿಗೂ ಕೈ ಉರಿಯುತ್ತದೆ. 1996ರಲ್ಲಿ ಕ್ರೇಗ್ ಮತ್ತು ಸಂಗಡಿಗರು ಗ್ರಿಲ್ ಮುಟ್ಟಿದವರ ಮಿದುಳಿನ ಚಿತ್ರಗಳನ್ನು ತೆಗೆದಾಗ, ನಿಜವಾದ ಸುಡುಬಿಸಿಯ ನೋವಿಗೆ ಚುರುಕಾಗುವ ಮುಂಭಾಗದ ಸಿಂಗ್ಯುಲೇಟ್ ಪ್ರದೇಶ ಇಲ್ಲಿಯೂ ಚುರುಕಾಗಿತ್ತು. ಬೆಚ್ಚನೆಯ ಅಥವಾ ತಣ್ಣನೆಯ ಕಂಬಿಗಳು ಪ್ರತ್ಯೇಕವಾಗಿ ತಾಗಿದಾಗ ಅದು ಹಾಗಾಗಿರಲಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ಅಂಗಾಂಶದ ಹಾನಿಯನ್ನು ಕಡ್ಡಾಯ ಮಾಡುವುದಿಲ್ಲ. ಹಾನಿಯಾದಾಗ ಆಗುವಂಥದೇ ಅಹಿತಕರ ಅನುಭವವಾದರೆ ಅದನ್ನೂ ನೋವೆಂದೇ ಪರಿಗಣಿಸುತ್ತದೆ.