ಕ್ಷಮಿಸುವ ಹಕ್ಕು ಯಾರದು?

ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸ್‌ನಲ್ಲಿ ವರ್ಷಗಟ್ಟಲೆ ಪ್ರತಿ ಬುಧವಾರ ಒಂದು ದೃಶ್ಯ ಕಾಣಸಿಗುತ್ತಿತ್ತು. ಮಾನವ ಹಕ್ಕುಗಳ ಸರಕಾರಿ ಆಯೋಗದ ಕಚೇರಿಯ ಮುಂದೆ ವಯಸ್ಸಾದ ತಾಯಂದಿರು ಬಂದು ನಿಲ್ಲುತ್ತಿದ್ದರು. ಅವರ ಕೈಯಲ್ಲಿ ಮಗನ, ಗಂಡನ ಅಥವಾ ಸಹೋದರನ ಭಾವಚಿತ್ರವಿರುತ್ತಿತ್ತು. ಅವರು ಹಣ ಕೇಳಲು ಬಂದವರಲ್ಲ. ಅಧಿಕಾರಿಗಳು ಮನೆಯಿಂದ ಕರೆದೊಯ್ದ ಮಗ ಎಲ್ಲಿದ್ದಾನೆ, ಬದುಕಿದ್ದರೆ ತೋರಿಸಿ, ಇಲ್ಲವಾದರೆ ಅವನ ಕಬರ್ ಎಲ್ಲಿದೆಯೆಂದು ಹೇಳಿ ಎಂಬುದಷ್ಟೇ ಅವರ ಬೇಡಿಕೆ.

ಆ ತಾಯಂದಿರಿಗೆ ಸಿಕ್ಕಿದ ಉತ್ತರ ಒಂದು ಶಾಸನ. ಎಲ್ಲವನ್ನೂ ಕ್ಷಮಿಸಲಾಗಿದೆ, ಇನ್ನು ಆ ವಿಷಯ ಎತ್ತಬಾರದು ಎಂಬುದು ಅದರ ಸಾರ. ಕ್ಷಮೆ ಎಂಬುದು ಇಸ್ಲಾಮ್ ಬಹಳವಾಗಿ ಮೆಚ್ಚಿರುವ ಗುಣ. ಆದರೆ ಕ್ಷಮಿಸಿದವರು ಯಾರು? ಯಾರ ಪರವಾಗಿ ಕ್ಷಮಿಸಿದರು? ಅಂತಃಕಲಹ ಮುಗಿದ ಯಾವ ನಾಡಿನಲ್ಲಾದರೂ ಏಳುವ ಈ ಪ್ರಶ್ನೆಯನ್ನು ಸತ್ಯವಿಶ್ವಾಸಿಗಳಾದ ನಾವು ನಮ್ಮ ಧರ್ಮದ ಬೆಳಕಿನಲ್ಲಿ ಪರಿಶೀಲಿಸಬೇಕಾಗಿದೆ.

ಒಂದು ದಶಕದ ರಕ್ತಪಾತ

1991ರ ಡಿಸೆಂಬರ್‌ನಲ್ಲಿ ಅಲ್ಜೀರಿಯಾದಲ್ಲಿ ನಡೆದ ಚುನಾವಣೆಯ ಮೊದಲ ಸುತ್ತಿನಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಭಾರೀ ಗೆಲುವು ಪಡೆಯಿತು. 1992ರ ಜನವರಿಯಲ್ಲಿ ಸೇನಾಧಿಕಾರಿಗಳು ಎರಡನೇ ಸುತ್ತನ್ನು ರದ್ದುಗೊಳಿಸಿದರು. ಮುಂದಿನ ಹತ್ತು ವರ್ಷ ಆ ನಾಡು ರಕ್ತದಲ್ಲಿ ತೊಯ್ದಿತು. ಸತ್ತವರ ಸಂಖ್ಯೆ ಒಂದು ಲಕ್ಷದಿಂದ ಎರಡು ಲಕ್ಷದವರೆಗೆ ಎಂದು ಅಂದಾಜಿಸಲಾಗಿದೆ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಜನಾದೇಶವನ್ನು ತುಳಿದದ್ದು ಅಕ್ರಮ. ಸರಕಾರಿ ಪಡೆಗಳು ಜನರನ್ನು ಹಿಡಿದೊಯ್ದು ಹಿಂಸಿಸಿದ್ದು, ಕಣ್ಮರೆ ಮಾಡಿದ್ದು ಅಕ್ರಮ. ಅದೇ ರೀತಿ ಇಸ್ಲಾಮಿನ ಹೆಸರೆತ್ತಿಕೊಂಡ ಶಸ್ತ್ರಧಾರಿ ಗುಂಪುಗಳು ಪತ್ರಕರ್ತರನ್ನು, ಶಿಕ್ಷಕರನ್ನು, ಇಮಾಮರನ್ನು, ಹಳ್ಳಿಯ ಬಡವರನ್ನು ಕೊಂದದ್ದೂ ಅಕ್ರಮವೇ. 1997ರ ಆಗಸ್ಟ್ ಕೊನೆಯಲ್ಲಿ ರಾಯಿಸ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಬೆಂಟಲ್ಹದಲ್ಲಿ ಹೆಂಗಸರು ಮಕ್ಕಳೆನ್ನದೆ ಒಂದೇ ರಾತ್ರಿಯಲ್ಲಿ ಕತ್ತರಿಸಲಾಯಿತು. ಸಮೀಪದಲ್ಲೇ ಇದ್ದ ಸೈನಿಕರು ನೆರವಿಗೆ ಏಕೆ ಬರಲಿಲ್ಲವೆಂದು ಬದುಕುಳಿದವರು ಕೇಳಿದ ಪ್ರಶ್ನೆಗೆ ತೃಪ್ತಿಕರ ಉತ್ತರ ಬರಲಿಲ್ಲ.

ಈ ಬೆಂಕಿಯನ್ನು ಆರಿಸಲು ಸರಕಾರ ಮೂರು ಬಾರಿ ಶಾಸನ ಮಾಡಿತು. ಶರಣಾಗುವ ಶಸ್ತ್ರಧಾರಿಗಳ ಶಿಕ್ಷೆಯನ್ನು ಇಳಿಸುವ 1995ರ ಆಜ್ಞೆಗೆ ಇಟ್ಟ ಹೆಸರೇ ‘ರಹ್ಮತ್’. ಎರಡನೆಯದು 1999ರ ನಾಗರಿಕ ಸೌಹಾರ್ದದ ಕಾನೂನು. ಮೂರನೆಯದು ಅಧ್ಯಕ್ಷ ಅಬ್ದುಲ್ ಅಝೀಝ್ ಬೂತಫ್ಲೀಕ ಅವರ ‘ಶಾಂತಿ ಮತ್ತು ರಾಷ್ಟ್ರೀಯ ಸಾಮರಸ್ಯದ ಸನ್ನದು’. 2005ರ ಸೆಪ್ಟೆಂಬರ್ 29ರಂದು ಅದಕ್ಕೆ ಜನಮತ ಪಡೆಯಲಾಯಿತು. ಅಧಿಕೃತ ಲೆಕ್ಕದಂತೆ ಶೇಕಡಾ 97ಕ್ಕೂ ಹೆಚ್ಚು ಮತಗಳು ಪರವಾಗಿ ಬಿದ್ದವು. 2006ರ ಫೆಬ್ರವರಿಯಲ್ಲಿ ಅದನ್ನು ಜಾರಿಗೊಳಿಸುವ ಆಜ್ಞೆ ಹೊರಬಂತು. ಸಾಮೂಹಿಕ ಹತ್ಯೆ, ಅತ್ಯಾಚಾರ, ಸಾರ್ವಜನಿಕ ಸ್ಥಳದಲ್ಲಿ ಬಾಂಬ್ ಸ್ಫೋಟ ನಡೆಸದ ಶಸ್ತ್ರಧಾರಿಗಳ ಮೇಲಿನ ಮೊಕದ್ದಮೆಗಳನ್ನು ಅದು ಕೈಬಿಟ್ಟಿತು. ಸರಕಾರಿ ಪಡೆಗಳ ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ ಎಂದಿತು. ‘ರಾಷ್ಟ್ರೀಯ ದುರಂತ’ದ ಗಾಯಗಳನ್ನು ಬಳಸಿಕೊಂಡು ಸರಕಾರದ ಸಂಸ್ಥೆಗಳಿಗೆ ಕಳಂಕ ತರುವಂತೆ ಮಾತಾಡಿದವರಿಗೆ, ಬರೆದವರಿಗೆ ಮೂರರಿಂದ ಐದು ವರ್ಷ ಸೆರೆವಾಸ ಮತ್ತು ದಂಡ ವಿಧಿಸಿತು. ಕೊಂದವನಿಗೆ ಕ್ಷಮೆ, ಕೇಳಿದವನಿಗೆ ಸೆರೆಮನೆ!

ಎರಡು ವಾದಗಳು

ಸನ್ನದನ್ನು ಬೆಂಬಲಿಸಿದವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬೆಟ್ಟದಲ್ಲಿರುವ ಶಸ್ತ್ರಧಾರಿಗೆ ಕೆಳಗೆ ಗಲ್ಲುಗಂಬ ಕಾದಿದೆಯೆಂದು ತಿಳಿದರೆ ಅವನು ಬಂದೂಕು ಕೆಳಗಿಡುವುದಿಲ್ಲ. ಸೇನಾಧಿಕಾರಿಗೆ ನ್ಯಾಯಾಲಯದ ಭಯವಿದ್ದರೆ ಅವನು ಅಧಿಕಾರ ಬಿಡುವುದಿಲ್ಲ. ಸತ್ತವರು ಮರಳಿ ಬರುವುದಿಲ್ಲ, ಬದುಕಿರುವವರನ್ನಾದರೂ ಉಳಿಸೋಣ ಎಂದು ಅವರು ಹೇಳಿದರು. ಸಾವಿರಾರು ಜನರು ಶಸ್ತ್ರ ಕೆಳಗಿಟ್ಟದ್ದೂ, ಜನರು ಮತ್ತೆ ರಾತ್ರಿ ದಾರಿಯಲ್ಲಿ ನಡೆಯಲು ಸಾಧ್ಯವಾದದ್ದೂ ನಿಜ. ಶಾಂತಿ ಅಲ್ಲಾಹನ ದೊಡ್ಡ ಅನುಗ್ರಹ. ಅದನ್ನು ಅನುಭವಿಸುತ್ತಿರುವ ನಾವು ದೂರದಲ್ಲಿ ಕುಳಿತು ಹಗುರವಾಗಿ ಮಾತಾಡಬಾರದು.

ಕಣ್ಮರೆಯಾದವರ ಕುಟುಂಬಗಳ ವಾದ ಇನ್ನೊಂದು. ಸರಕಾರವೇ ನೇಮಿಸಿದ ಸಮಿತಿ 2005ರಲ್ಲಿ ಸರಕಾರಿ ಪಡೆಗಳಿಂದ ಕಣ್ಮರೆಯಾದವರ ಸಂಖ್ಯೆ 6,146 ಎಂದು ಒಪ್ಪಿಕೊಂಡಿತು. ಅದರ ಮುಖ್ಯಸ್ಥ ಫಾರೂಕ್ ಕ್ಸೆಂಟಿನಿಯವರ ನಿಲುವು, ಸರಕಾರ ಹೊಣೆಗಾರ, ಆದರೆ ಅಪರಾಧಿಯಲ್ಲ ಎಂಬುದಾಗಿತ್ತು. ಹಾಗಾದರೆ ಅಪರಾಧಿ ಯಾರು? ಅಪರಾಧಿಯೇ ಇಲ್ಲದಿದ್ದರೆ ಕ್ಷಮೆ ಯಾರಿಗೆ? ತಪ್ಪನ್ನು ಒಪ್ಪದವನು ಕ್ಷಮೆಯನ್ನು ತಾನೇ ಬರೆದುಕೊಳ್ಳುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ.

ಧರ್ಮ ಏನನ್ನುತ್ತದೆ?

ಇಸ್ಲಾಮ್ ಹಕ್ಕುಗಳನ್ನು ಎರಡಾಗಿ ವಿಂಗಡಿಸಿದೆ. ಒಂದು ಅಲ್ಲಾಹನ ಹಕ್ಕು, ಇನ್ನೊಂದು ದಾಸರ ಹಕ್ಕು. ಕೊಲೆಯಾದವನ ವಿಷಯದಲ್ಲಿ ಅಧಿಕಾರವನ್ನು ಅಲ್ಲಾಹನು ಅವನ ವಾರೀಸುದಾರನಿಗೆ ಕೊಟ್ಟಿದ್ದಾನೆಂದು ಪವಿತ್ರ ಕುರ್‌ಆನಿನ ‘ಅಲ್ ಇಸ್ರಾ’ ಅಧ್ಯಾಯ ಕಲಿಸುತ್ತದೆ. ಅವನು ಮಿತಿ ಮೀರಬಾರದೆಂದೂ ಅಲ್ಲಿಯೇ ಎಚ್ಚರಿಸಲಾಗಿದೆ. ‘ಅಲ್ ಬಕರಃ’ ಅಧ್ಯಾಯ ಅದೇ ವಾರೀಸುದಾರನಿಗೆ ಕ್ಷಮಿಸುವ, ದಿಯತ್ ಅಂದರೆ ರಕ್ತಪರಿಹಾರ ಪಡೆಯುವ ದಾರಿಯನ್ನೂ ತೆರೆದಿದೆ. ಪ್ರತೀಕಾರದ ಹಕ್ಕು ಯಾರದೋ ಕ್ಷಮೆಯ ಹಕ್ಕೂ ಅವರದೇ. ಆ ಹಕ್ಕು ತನ್ನ ಕೈಯಲ್ಲಿದ್ದಾಗಲೇ ಕ್ಷಮೆಗೆ ಬೆಲೆ. ಕೈಯಿಂದ ಕಿತ್ತುಕೊಂಡ ಮೇಲೆ ಉಳಿಯುವುದು ನಿಸ್ಸಹಾಯಕತೆ ಮಾತ್ರ.

ದಂಗೆಕೋರರ ಕುರಿತ ನಿಯಮವೂ ಇದನ್ನೇ ಸ್ಪಷ್ಟಪಡಿಸುತ್ತದೆ. ಭೂಮಿಯಲ್ಲಿ ಕ್ಷೋಭೆ ಹರಡಿದವರು ಸೆರೆಸಿಕ್ಕುವ ಮೊದಲೇ ಪಶ್ಚಾತ್ತಾಪಪಟ್ಟು ಬಂದರೆ ಅವರಿಗೆ ರಿಯಾಯಿತಿಯಿದೆಯೆಂದು ‘ಅಲ್ ಮಾಇದಃ’ ಅಧ್ಯಾಯ ಹೇಳುತ್ತದೆ. ಆದರೆ ಆ ತೌಬಾದಿಂದ ರದ್ದಾಗುವುದು ಅಲ್ಲಾಹನ ಹಕ್ಕಿಗೆ ಸೇರಿದ ಶಿಕ್ಷೆ. ಕೊಂದ ಜೀವ, ದೋಚಿದ ಸೊತ್ತು ಇವುಗಳ ಮೇಲಿನ ಜನರ ಹಕ್ಕು ಹಾಗೆಯೇ ಉಳಿಯುತ್ತದೆ ಎಂಬುದು ಬಹುಮಂದಿ ಕರ್ಮಶಾಸ್ತ್ರಜ್ಞರ ಅಭಿಪ್ರಾಯ. ವಾರೀಸುದಾರರೇ ಇಲ್ಲದ ಮೃತನಿಗೆ ಆಡಳಿತಗಾರನು ಪೋಷಕನಾಗುತ್ತಾನೆ. ಆಗಲೂ ಅವನು ದಿಯತ್‌ಗೆ ಒಪ್ಪಬಹುದೇ ಹೊರತು ಪುಕ್ಕಟೆಯಾಗಿ ಮನ್ನಾ ಮಾಡುವಂತಿಲ್ಲವೆಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ಅನ್ಯರ ರಕ್ತದ ಮೇಲೆ ಔದಾರ್ಯ ತೋರಲು ಆಡಳಿತಗಾರನಿಗೆ ಹಕ್ಕಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ಸಾರ್ವತ್ರಿಕ ಕ್ಷಮೆ ಸಾರಲಿಲ್ಲವೇ ಎಂಬುದು ಮೊದಲನೆಯದು. ಹೌದು, ಸಾರಿದರು. ಆದರೆ ಆ ಕ್ಷಮೆ ಯಾರದಾಗಿತ್ತೆಂದು ಗಮನಿಸಿರಿ. ಕಲ್ಲೇಟು ತಿಂದವರು, ಊರು ಬಿಟ್ಟವರು, ಚಿಕ್ಕಪ್ಪನ ಛಿದ್ರಗೊಂಡ ದೇಹವನ್ನು ಉಹುದ್‌ನಲ್ಲಿ ಕಂಡವರು ಸ್ವತಃ ಅವರೇ. ಹಝ್ರತ್ ಹಂಝಾ(ರ)ರನ್ನು ಕೊಂದ ವಹ್ಶೀ ಇಸ್ಲಾಮ್ ಸ್ವೀಕರಿಸಿ ಬಂದಾಗ ಅವನನ್ನು ಶಿಕ್ಷಿಸಲಿಲ್ಲ, ಆದರೆ ಆದಷ್ಟು ತಮ್ಮ ಕಣ್ಣಮುಂದೆ ಬಾರದಿರುವಂತೆ ಹೇಳಿದರು. ಕ್ಷಮಿಸಿದವನು ಮರೆಯಲೇಬೇಕೆಂದೇನೂ ಇಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕೇ? ವಿದಾಯ ಹಜ್ಜ್‌ನ ಭಾಷಣದಲ್ಲಿ ಅಜ್ಞಾನ ಕಾಲದ ರಕ್ತಪ್ರತೀಕಾರಗಳನ್ನೆಲ್ಲ ರದ್ದುಗೊಳಿಸಿದಾಗಲೂ ಮೊದಲು ಬಿಟ್ಟುಕೊಟ್ಟದ್ದು ತಮ್ಮದೇ ಕುಟುಂಬದ ಹಕ್ಕನ್ನು, ದೊಡ್ಡಪ್ಪ ಹಾರಿಸ್‌ರ ಮೊಮ್ಮಗನ ರಕ್ತವನ್ನು. ಇಲ್ಲಿ ಪ್ರವಾದಿವರ್ಯರು(ಸ) ತಮಗೆ ಬರಬೇಕಾದುದನ್ನು ಬಿಟ್ಟರು. ಅಲ್ಜೀರಿಯಾದ ಆಡಳಿತಗಾರರು ತಾವು ಕೊಡಬೇಕಾದುದನ್ನು ಬಿಟ್ಟರು. ಇವೆರಡೂ ಒಂದೇ ಆಗುವುದು ಹೇಗೆ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಸಹಾಬಿಗಳ ಕಾಲದ ಅಂತಃಕಲಹದ ಬಳಿಕ, ಕುರ್‌ಆನಿನ ತಮ್ಮ ತಮ್ಮ ವ್ಯಾಖ್ಯಾನದ ಆಧಾರದಲ್ಲಿ ಹೋರಾಡಿದವರಿಂದ ಯುದ್ಧದಲ್ಲಿ ಹರಿದ ರಕ್ತಕ್ಕೆ ಪ್ರತೀಕಾರವಿಲ್ಲವೆಂದು ಅವರು ಒಮ್ಮತಕ್ಕೆ ಬಂದಿದ್ದರೆಂದು ಇಮಾಮ್ ಝುಹ್ರಿ ವರದಿ ಮಾಡಿದ್ದಾರೆ. ಇದು ನಿಜಕ್ಕೂ ದೊಡ್ಡ ವಿವೇಕ. ರಣರಂಗದಲ್ಲಿ ಎದುರು ಬದುರು ನಿಂತವರ ಲೆಕ್ಕವನ್ನು ಒಂದೊಂದಾಗಿ ತೀರಿಸಹೊರಟರೆ ಯುದ್ಧ ಮುಗಿಯುವುದೇ ಇಲ್ಲ. ಆದರೆ ಹಝ್ರತ್ ಅಲಿ(ರ)ಯವರ ನಡೆಯನ್ನು ನೋಡಿರಿ. ಖವಾರಿಜ್‌ಗಳು ದಾರಿಯಲ್ಲಿ ಹೋಗುತ್ತಿದ್ದ ಅಬ್ದುಲ್ಲಾ ಬಿನ್ ಖಬ್ಬಾಬ್‌ರನ್ನೂ ಅವರ ಗರ್ಭಿಣಿ ಪತ್ನಿಯನ್ನೂ ಕೊಂದಾಗ ಅವರು ಕೊಲೆಗಾರರನ್ನು ಒಪ್ಪಿಸುವಂತೆ ಕೇಳಿದರು. ನಾವೆಲ್ಲರೂ ಸೇರಿ ಕೊಂದೆವು ಎಂಬ ಉತ್ತರ ಬಂದ ಮೇಲೆಯೇ ನಹ್ರವಾನ್ ಯುದ್ಧ ನಡೆದದ್ದು. ಯುದ್ಧದಲ್ಲಿ ಬಿದ್ದವನ ರಕ್ತ ಬೇರೆ, ನಿರಾಯುಧನ ರಕ್ತ ಬೇರೆ. ಮನೆಯಿಂದ ಎಳೆದೊಯ್ದ ಯುವಕ, ಮಲಗಿದ್ದಲ್ಲೇ ಕೊಲೆಯಾದ ಮಗು ಇವರ ರಕ್ತವನ್ನು ಯುದ್ಧದ ಲೆಕ್ಕಕ್ಕೆ ಸೇರಿಸಲಾಗದು.

ನಮ್ಮವರೇ ತಪ್ಪಿದಾಗ

ಯುದ್ಧದಲ್ಲಿ ಸ್ವಂತ ಪಡೆಯೇ ಅಕ್ರಮವೆಸಗಿದಾಗ ನಾಯಕನು ಏನು ಮಾಡಬೇಕೆಂಬುದಕ್ಕೂ ಪ್ರವಾದಿಚರ್ಯೆಯಲ್ಲಿ ಮಾದರಿಯಿದೆ. ಮಕ್ಕಾ ವಿಜಯದ ಬಳಿಕ ಹಝ್ರತ್ ಖಾಲಿದ್ ಬಿನ್ ವಲೀದ್(ರ)ರ ತಂಡ ಬನೂ ಜದೀಮಾ ಗೋತ್ರದ ಜನರನ್ನು ಶರಣಾದ ಮೇಲೂ ಕೊಂದಿತು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಕೈಗಳನ್ನೆತ್ತಿ, ಖಾಲಿದ್ ಮಾಡಿದ ಕಾರ್ಯದಿಂದ ತಾನು ಮುಕ್ತನೆಂದು ಅಲ್ಲಾಹನ ಮುಂದೆ ನಿವೇದಿಸಿದರು. ಹಝ್ರತ್ ಅಲಿ(ರ)ಯವರನ್ನು ಹಣದೊಂದಿಗೆ ಆ ಗೋತ್ರಕ್ಕೆ ಕಳುಹಿಸಿದರು. ಅವರು ಪ್ರತಿಯೊಂದು ಜೀವಕ್ಕೂ ದಿಯತ್ ಕೊಟ್ಟರು. ನಾಯಿ ನೀರು ಕುಡಿಯುವ ಮರದ ಪಾತ್ರೆಗೂ ಬೆಲೆ ಕಟ್ಟಿಕೊಟ್ಟರೆಂದು ಚರಿತ್ರೆ ದಾಖಲಿಸಿದೆ. ಮಿಕ್ಕಿದ ಹಣವನ್ನೂ ಅಲ್ಲಿಯೇ ಬಿಟ್ಟು ಬಂದರು.

ಇಲ್ಲಿ ಖಾಲಿದ್(ರ)ರನ್ನು ಗಲ್ಲಿಗೇರಿಸಲಿಲ್ಲ. ಅವರು ದುರುದ್ದೇಶದಿಂದಲ್ಲ, ತಪ್ಪು ಗ್ರಹಿಕೆಯಿಂದ ಹಾಗೆ ಮಾಡಿದರೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಅಕ್ರಮವನ್ನು ಅಕ್ರಮವೆಂದು ಬಹಿರಂಗವಾಗಿ ಹೇಳಲಾಯಿತು. ಪರಿಹಾರ ಮರ್ದಿತರ ಮನೆ ಬಾಗಿಲಿಗೆ ಹೋಯಿತು. ಮಾತಾಡಿದರೆ ಸೆರೆಮನೆ ಎಂಬ ಷರತ್ತು ಅದಕ್ಕಿರಲಿಲ್ಲ.

ಅಲ್ಜೀರಿಯಾದಲ್ಲಿಯೂ ಪರಿಹಾರ ಘೋಷಿಸಲಾಯಿತು. ಆದರೆ ಕಣ್ಮರೆಯಾದವನು ಸತ್ತಿದ್ದಾನೆಂಬ ತೀರ್ಪನ್ನು ಕುಟುಂಬವೇ ನ್ಯಾಯಾಲಯದಿಂದ ಪಡೆದು ತರಬೇಕಿತ್ತು. ಹೇಗೆ ಸತ್ತ, ಯಾರು ಕೊಂದರು, ಎಲ್ಲಿ ಹೂತರು ಎಂಬುದನ್ನು ಯಾರೂ ಹೇಳುವುದಿಲ್ಲ. ತನ್ನ ಮಗ ಸತ್ತನೆಂದು ತಾಯಿಯೇ ಸಹಿ ಹಾಕಬೇಕು! ಅನೇಕ ತಾಯಂದಿರು ನಿರಾಕರಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಸತ್ಯ ತಿಳಿಯುವುದು ಇಲ್ಲಿ ಕುತೂಹಲದ ವಿಷಯವಲ್ಲ, ಧಾರ್ಮಿಕ ಅಗತ್ಯ. ಗಂಡ ಕಣ್ಮರೆಯಾದ ಹೆಂಗಸು ಪತ್ನಿಯೋ ವಿಧವೆಯೋ? ಅವಳ ಇದ್ದತ್ ಯಾವಾಗ ಆರಂಭವಾಗಬೇಕು? ಸೊತ್ತು ಪಾಲಾಗುವುದು ಯಾವಾಗ? ಜನಾಝ ನಮಾಝ್ ಮಾಡುವುದೇ ಬೇಡವೇ? ಅಲ್ಜೀರಿಯಾದ ಜನರು ಅನುಸರಿಸುವ ಮಾಲಿಕೀ ಮದ್‌ಹಬ್‌ನಲ್ಲಿ ಕಾಣೆಯಾದವನ ಪತ್ನಿಗೆ ನಾಲ್ಕು ವರ್ಷ ಕಾಯುವ ನಿಯಮವಿದೆ. ಅದು ಎಲ್ಲಿ ಹೋದನೆಂದು ಯಾರಿಗೂ ತಿಳಿಯದವನಿಗಾಗಿ ಇರುವ ನಿಯಮ. ತಿಳಿದವರು ಕಚೇರಿಯಲ್ಲಿ ಕುಳಿತು ಬಾಯಿ ಮುಚ್ಚಿಕೊಂಡಿರುವಾಗ ಅವಳನ್ನು ಕಾಯಿಸುವುದು ಪ್ರತಿದಿನ ನಡೆಯುವ ಹೊಸ ಅಕ್ರಮ. ಎಲ್ಲ ಅಪರಾಧಿಗಳನ್ನೂ ಶಿಕ್ಷಿಸಲು ಒಂದು ನಾಡಿಗೆ ಸಾಧ್ಯವಾಗದಿರಬಹುದು. ಸತ್ಯ ಹೇಳಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚಿಸಿದಾಗ ತಪ್ಪನ್ನು ಪೂರ್ಣವಾಗಿ ಬಾಯಿಬಿಟ್ಟು ಹೇಳುವುದನ್ನೇ ಕ್ಷಮಾದಾನದ ಮುಖ್ಯ ಷರತ್ತನ್ನಾಗಿ ಮಾಡಲಾಗಿತ್ತು. ಅದರಲ್ಲಿ ಕೊರತೆಗಳಿದ್ದವು, ಆದರೆ ಕ್ಷಮೆಗಿಂತ ಮೊದಲು ಸತ್ಯ ಬರಬೇಕೆಂಬ ಕ್ರಮವಾದರೂ ಸರಿಯಿತ್ತು.

ನ್ಯಾಯಾಲಯಕ್ಕಿಂತ ಮೊದಲು ಮರಣ

ಆ ದಿನಗಳಲ್ಲಿ ರಕ್ಷಣಾ ಮಂತ್ರಿಯಾಗಿದ್ದ ಜನರಲ್ ಖಾಲಿದ್ ನಝ್ಝಾರ್ ಅವರನ್ನು 2011ರಲ್ಲಿ ಸ್ವಿಟ್ಝರ್‌ಲ್ಯಾಂಡ್‌ನಲ್ಲಿ ತಡೆದು ವಿಚಾರಿಸಲಾಯಿತು. ಹನ್ನೆರಡು ವರ್ಷಗಳ ಕಾನೂನು ಹೋರಾಟದ ಬಳಿಕ 2023ರ ಆಗಸ್ಟ್‌ನಲ್ಲಿ ಅವರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ವಿಚಾರಣೆ ಆರಂಭವಾಗುವ ಮೊದಲೇ, ಅದೇ ವರ್ಷದ ಡಿಸೆಂಬರ್ 29ರಂದು ಅವರು ಮರಣ ಹೊಂದಿದರು. ದೂರುದಾರರ ಪ್ರಶ್ನೆಗೆ ಇಹಲೋಕದ ನ್ಯಾಯಾಲಯ ಉತ್ತರಿಸಲಿಲ್ಲ.

ಅಂತಿಮ ದಿನ ಜನರ ನಡುವೆ ಮೊದಲು ತೀರ್ಮಾನವಾಗುವುದು ರಕ್ತದ ಮೊಕದ್ದಮೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಲ್ಲಿ ಸನ್ನದಿಲ್ಲ, ಜನಮತವಿಲ್ಲ. ಶೇಕಡಾ 97 ಮಂದಿ ಹೌದೆಂದರೂ ಒಬ್ಬ ತಾಯಿಯ ಹಕ್ಕು ರದ್ದಾಗುವುದಿಲ್ಲ. ಈ ವಿಶ್ವಾಸ ಮರ್ದಿತರಿಗೆ ಸಾಂತ್ವನ. ಆದರೆ ಅದನ್ನು ನ್ಯಾಯ ಮಾಡದಿರಲು ನೆಪವಾಗಿ ಬಳಸುವಂತಿಲ್ಲ. ಎರಡು ಗುಂಪುಗಳು ಕಾದಾಡಿದರೆ ಅವರ ನಡುವೆ ನ್ಯಾಯಪೂರ್ವಕ ಸಂಧಾನ ಮಾಡಿಸಬೇಕೆಂಬುದು ‘ಅಲ್ ಹುಜುರಾತ್’ ಅಧ್ಯಾಯದ ಆದೇಶ. ಸಂಧಾನವೂ ಬೇಕು, ನ್ಯಾಯವೂ ಬೇಕು.

ಓದುಗರೇ, ಅಲ್ಜೀರಿಯಾ ದೂರದಲ್ಲಿದೆ. ಆದರೆ ಅದರ ಸಣ್ಣ ರೂಪ ನಮ್ಮ ಮನೆಗಳಲ್ಲಿ, ಜಮಾಅತ್‌ಗಳಲ್ಲಿ ಇಲ್ಲವೇ? ಪಂಚಾಯಿತಿಕೆಗೆ ಕುಳಿತ ಹಿರಿಯರು ಅನ್ಯಾಯ ಮಾಡಿದವನಿಗೆ ತಪ್ಪೊಪ್ಪಿಕೋ ಎನ್ನುವುದಿಲ್ಲ. ಅನ್ಯಾಯಕ್ಕೊಳಗಾದ ಹೆಣ್ಣಿಗೆ, ಪಾಲು ಸಿಗದ ತಂಗಿಗೆ, ಕೂಲಿ ಸಿಗದ ಆಳಿಗೆ ಸಬ್ರ್ ಮಾಡು, ಕ್ಷಮಿಸಿಬಿಡು, ಮತ್ತೆ ಆ ಮಾತೆತ್ತಬೇಡ ಎನ್ನುತ್ತಾರೆ. ಮನೆಯ ಮರ್ಯಾದೆ ಉಳಿಯಿತೆಂದು ಎಲ್ಲರೂ ಚಹಾ ಕುಡಿದು ಏಳುತ್ತಾರೆ. ನಾವು ಬಿಟ್ಟುಕೊಟ್ಟದ್ದು ನಮ್ಮ ಹಕ್ಕನ್ನೇ, ಅಥವಾ ಅಲ್ಲಿ ಮೂಲೆಯಲ್ಲಿ ತಲೆತಗ್ಗಿಸಿ ಕುಳಿತವರ ಹಕ್ಕನ್ನೇ? ಮುಂದಿನ ಸಲ ಅಂತಹ ಕೂಟದಲ್ಲಿ ಕುಳಿತಾಗ ಈ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ.

ನಮಗಾದ ಅನ್ಯಾಯವನ್ನು ಕ್ಷಮಿಸುವ ಔದಾರ್ಯವನ್ನೂ, ಅನ್ಯರಿಗಾದ ಅನ್ಯಾಯದ ಮುಂದೆ ಸತ್ಯ ನುಡಿಯುವ ಧೈರ್ಯವನ್ನೂ ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.