ಶೋಕದ ಮುಖ

ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಹನು (ಆಳ್ವಿಕೆ 1627–1656) ತನ್ನ ಆಸ್ಥಾನದ ಚಿತ್ರಕಾರರಿಂದ ಬರೆಯಿಸಿಕೊಂಡ ಭಾವಚಿತ್ರಗಳಲ್ಲಿ ಪ್ರಸನ್ನನಾಗಿ, ನಿರ್ವಿಕಾರನಾಗಿ ತೋರುತ್ತಾನೆ; ಮರಣವಾಗಲಿ ವಿಯೋಗವಾಗಲಿ ಆ ಮುಖವನ್ನು ಮುಟ್ಟಿದಂತಿಲ್ಲ. ಆದರೆ ಅದೇ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ಮಿನ ದಿನಗಳು ಬಂದವೆಂದರೆ, 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಹಿಂದುಗಳೂ ಮುಸಲ್ಮಾನರೂ ಕೂಡಿ ಕನ್ನಡದ ರಿವಾಯತ ಪದಗಳನ್ನು ಹಾಡಿ ಮರುಗುವರು. ಅವರು ಹೊತ್ತು ನಡೆಯುವ ಅಲಾಯಿ ದೇವರಾದರೊ ಬಹುಮಟ್ಟಿಗೆ ಲೋಹದ ಪಂಜ, ಬಿಡಿಸಿದ ಹಸ್ತ. ಅದರಲ್ಲಿ ಕಣ್ಣಿಲ್ಲ, ಕಂಬನಿಯಿಲ್ಲ. ಆದರೂ ಅದನ್ನು ಕಂಡು ಜನ ಅಳುತ್ತಾರೆ.

ಶೋಕಕ್ಕೆ ಸಹಜವಾದ ಮುಖವೇ ಬೇಕಿಲ್ಲವೆಂದು ಹೀಗೆ ಕಾಣುವಾಗ, ಭಗವಂತನು ಕೊಟ್ಟ ಮುಖವನ್ನು ಚಿತ್ರಕಾರನು ವಿಕೃತಗೊಳಿಸುವುದು ಅಪಚಾರವಲ್ಲವೆ ಎಂದು ಆಸ್ತಿಕರು ಕೇಳುವ ಪ್ರಶ್ನೆಗೆ ಏನೆನ್ನಬೇಕು? 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳು ಬಿದ್ದವು. ಆ ದುರಂತದ ಶೋಕದಲ್ಲಿ ಅದೇ ವರ್ಷ ಪಿಕಾಸೊ ಬರೆದ ‘ಅಳುವ ಹೆಂಗಸು’ ಚಿತ್ರದಲ್ಲಿ ಕರವಸ್ತ್ರವು ಒಡೆದ ಗಾಜಿನಂತೆ ಚೂಪಾಗಿದೆ, ಬೆರಳುಗಳೂ ಹಲ್ಲುಗಳೂ ಒಂದರೊಳಗೊಂದು ಹೊಕ್ಕಿವೆ, ಹಳದಿ ಹಸಿರು ವರ್ಣಗಳು ಚರ್ಮಕ್ಕೆ ಸೇರಿದವಲ್ಲ. ಇದನ್ನು ಕುರೂಪವೆಂದು ತಳ್ಳಿಹಾಕುವವರು ನಾಟ್ಯಶಾಸ್ತ್ರವನ್ನೊಮ್ಮೆ ನೆನೆಯಬೇಕು. ಕರುಣರಸದ ಅನುಭಾವಗಳಾಗಿ, ಎಂದರೆ ಹೊರಗೆ ತೋರುವ ಚಿಹ್ನೆಗಳಾಗಿ, ಭರತಮುನಿ ಹೇಳಿದುದು ಅಶ್ರುಪಾತವೊಂದನ್ನೇ ಅಲ್ಲ. ಮುಖ ಒಣಗುವುದು, ಬಣ್ಣಗೆಡುವುದು, ಅಂಗಾಂಗಗಳು ಸಡಿಲವಾಗುವುದು, ನೆನಪೇ ಅಳಿದುಹೋಗುವುದು. ಶೋಕವು ತಾನೇ ರೂಪವನ್ನು ಕೆಡಿಸುವುದಾದಮೇಲೆ, ಕೆಡದ ರೂಪದಲ್ಲಿ ಅದನ್ನು ತೋರಿಸುವ ಚಿತ್ರವೇ ಸುಳ್ಳಾಡುತ್ತದೆಂದು ನಾನು ನಂಬುತ್ತೇನೆ. ಮಗುವನ್ನು ಕಳೆದುಕೊಂಡ ತಾಯಿಯ ಮುಖವನ್ನು ಅಂದಗೊಳಿಸಿ ಬರೆಯುವುದರಲ್ಲಿ ದೈವಭಕ್ತಿಯೂ ಇಲ್ಲ, ದಯೆಯೂ ಇಲ್ಲ.

ಆದರೂ ಒಂದು ಸಂಕಟ ಉಳಿಯುತ್ತದೆ. ಆ ಚಿತ್ರಕ್ಕೆ ಆಧಾರವಾದ ಮುಖವು ಡೋರಾ ಮಾರ್ ಎಂಬ ಛಾಯಾಚಿತ್ರಕಲಾವಿದೆಯದು. ಪಿಕಾಸೊ ಬರೆದ ತನ್ನ ಚಿತ್ರಗಳೆಲ್ಲವೂ ಅವನವೇ ಹೊರತು ಅವುಗಳಲ್ಲಿ ತಾನಿಲ್ಲವೆಂದು ಆಕೆ ಮುಂದೆ ಹೇಳಿದಳು. ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಲೋಕವು ಆಕೆಯನ್ನು ಬಹುಕಾಲ ಅಳುವ ಹೆಂಗಸಾಗಿಯೇ ಕಂಡಿತು. ಆಕೆ ತೆಗೆದ ಛಾಯಾಚಿತ್ರಗಳು, ಪಿಕಾಸೊನ ‘ಗೆರ್ನಿಕಾ’ ಚಿತ್ರವು ಹಂತಹಂತವಾಗಿ ಮೂಡಿದುದನ್ನು ದಾಖಲಿಸಿದವೂ ಸೇರಿ, ಹಿಂದೆ ಸರಿದುವು. ಸ್ಪೇನಿನ ತಾಯಂದಿರ ಗೋಳಿಗಾಗಿ ರೂಪವನ್ನು ಮುರಿಯುವ ಅಧಿಕಾರ ಕಲಾವಿದನಿಗೆ ಉಂಟು. ಆದರೆ ಅದಕ್ಕಾಗಿ ಬದುಕಿರುವ ಒಬ್ಬಳ ಮುಖವನ್ನು ಎರವಲು ತಂದಾಗ, ಆಕೆಗೆ ಸಲ್ಲಬೇಕಾದ ಋಣವೊಂದು ಅವನ ಮೇಲೆ ಉಳಿಯುತ್ತದೆ, ಮತ್ತು ಪಿಕಾಸೊ ಅದನ್ನು ತೀರಿಸಲಿಲ್ಲ.