ಬಾಡಿಗೆ ಮನೆ ಕಟ್ಟುವ ಮುನ್ನ



ಕಳೆದ ತಿಂಗಳು ಯುವಜನರ ಕೂಟ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಪಿ.ಯು.ಸಿ. ಓದುವ ಒಬ್ಬ ತಂಗಿ ಕೇಳಿದಳು: "ಅಣ್ಣಾ, ದುಡಿಯದವನು ಉಣ್ಣಬಾರದು ಅಂತ ಸಂತ ಪೌಲರು ಬರೆದಿದ್ದಾರಲ್ಲ, ಹಾಗಾದ್ರೆ ಬಾಡಿಗೆ ತಿನ್ನೋದು ಪಾಪಾನಾ?" ಎಲ್ಲರೂ ನಕ್ಕೆವು. ಆದರೆ ನಕ್ಕವರಲ್ಲಿ ಅರ್ಧದಷ್ಟು ಜನರ ಮನೆ ಹಿತ್ತಲಿನಲ್ಲಿ ಒಂದಾದರೂ ಬಾಡಿಗೆ ಮನೆ ಇದೆ. ಇಲ್ಲದವರ ಮನೆಯಲ್ಲಿ ಕಟ್ಟುವ ಮಾತು ನಡೆದಿದೆ. ನಮ್ಮ ಮನೆಯಲ್ಲೂ ನಡೆದಿದೆ. ಅದಕ್ಕೇ ಈ ಬರಹ.

ಹೊಸೂರಿನಲ್ಲಿ ಇದು ನಕ್ಕು ಬಿಡುವ ಪ್ರಶ್ನೆಯಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಬಂದ ಮೇಲೆ ರಾಗಿ ಹೊಲಗಳು ಸೈಟುಗಳಾದವು. ಲಾರಿ, ದ್ವಿಚಕ್ರ ವಾಹನ, ಕೈಗಡಿಯಾರದ ಕಾರ್ಖಾನೆಗಳಲ್ಲಿ ನಮ್ಮ ತಂದೆಯವರ ತಲೆಮಾರಿಗೆ ಕೆಲಸ ಸಿಕ್ಕಿತು. ಅವರು ಉಳಿಸಿದ ಹಣವೆಲ್ಲ ಒಂದು ಮನೆ, ಆದರೆ ಪಕ್ಕದಲ್ಲಿ ಇನ್ನೊಂದು ಸಣ್ಣ ಸೈಟು, ಅಷ್ಟರಲ್ಲಿ ಮುಗಿಯಿತು. ಈಗ ಅವರಿಗೆ ನಿವೃತ್ತಿ. ಕಾರ್ಖಾನೆ ಪಿಂಚಣಿ ತರಕಾರಿಗೂ ಸಾಲದು. ಮಕ್ಕಳಿಗೆ ಸಿಗುವುದು ಬಹುಪಾಲು ಕಾಂಟ್ರ್ಯಾಕ್ಟ್ ಕೆಲಸ. ಹೀಗಿರುವಾಗ ನಾಲ್ಕು ಲೈನ್ ಮನೆ ಕಟ್ಟಿ ಬಾಡಿಗೆಗೆ ಬಿಡೋಣ ಎಂದುಕೊಂಡವರನ್ನು ಯಾರೂ ದುರಾಸೆಯವರು ಎನ್ನಲಾರರು. ಇನ್ನೊಂದು ಕಡೆ ಒಡಿಶಾ, ಜಾರ್ಖಂಡ್, ಬಿಹಾರದಿಂದ ಬರುವವರಿಗೆ ತಲೆ ಮೇಲೊಂದು ಸೂರು ಬೇಕೇ ಬೇಕು. ಅವರಲ್ಲಿ ಕೆಲವರು ಭಾನುವಾರ ನಮ್ಮ ಗುಡಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ತಮಿಳೂ ತಿಳಿಯದೆ ಕನ್ನಡವೂ ತಿಳಿಯದೆ, ಪೂಜೆ ಮುಗಿಯುವ ತನಕ ಕೈಮುಗಿದು ಇದ್ದು ಹೋಗುವುದನ್ನು ನೀವೂ ನೋಡಿದ್ದೀರಿ.

ಆ ತಂಗಿಯ ಪ್ರಶ್ನೆಗೆ ಉತ್ತರ ಹುಡುಕಿದಾಗ ಸಂತ ಥಾಮಸ್ ಅಕ್ವಿನಾಸರು ಸಿಕ್ಕರು. ಹದಿಮೂರನೆಯ ಶತಮಾನದ ಈ ಧರ್ಮಪಂಡಿತರು ಬಡ್ಡಿಯನ್ನು ತಪ್ಪೆಂದರು, ಮನೆ ಬಾಡಿಗೆಯನ್ನು ತಪ್ಪೆನ್ನಲಿಲ್ಲ. ಅವರ ವಾದ ಸರಳ. ಹಣವಾಗಲಿ ಗೋಧಿಯಾಗಲಿ ಬಳಸಿದರೆ ಖರ್ಚಾಗಿಹೋಗುತ್ತದೆ. ಮನೆ ಹಾಗಲ್ಲ, ಒಬ್ಬರು ವಾಸಮಾಡಿದ ಮೇಲೂ ಅದು ಮನೆಯಾಗಿಯೇ ಇರುತ್ತದೆ. ಆದ್ದರಿಂದ ಮನೆ ನನ್ನದಾಗಿಯೇ ಉಳಿದು, ಅದರ ಬಳಕೆಗೆ ಬೆಲೆ ಪಡೆಯುವುದು ನ್ಯಾಯವೇ. ಅಷ್ಟೇಕೆ, ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯ ಓದಿದರೆ, ಸಂತ ಪೌಲರೇ ರೋಮಿನಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದರು. ಬಾಡಿಗೆ ಪಡೆದ ಆ ರೋಮಿನವನು ಯಾರೋ, ಅವನ ಮೇಲೆ ಧರ್ಮಗ್ರಂಥದಲ್ಲಿ ದೂರಿಲ್ಲ.

ಆದರೆ ಅಕ್ವಿನಾಸರು ಇನ್ನೊಂದು ಮಾತನ್ನೂ ಬಿಡಲಿಲ್ಲ. ಆಸ್ತಿಯನ್ನು ನನ್ನದೆಂದು ಇಟ್ಟುಕೊಳ್ಳಬಹುದು. ಬಳಸುವಾಗ ಮಾತ್ರ ಅದು ನನ್ನೊಬ್ಬನದೇ ಎನ್ನಬಾರದು, ಕಷ್ಟದಲ್ಲಿರುವವರ ಜೊತೆ ಹಂಚಿಕೊಳ್ಳಲು ಮನಸ್ಸಿರಬೇಕು. ಮನಸ್ಸು ನಮಗೆಲ್ಲ ಇದೆ. ನಮ್ಮನ್ನು ಕಾಡುತ್ತಿರುವುದು ಬೇರೆ: ಮನಸ್ಸಿದ್ದವರಿಗೂ ಕೈ ಕಟ್ಟಿಹೋದರೆ?

ಇದನ್ನು ಹೇಳಲು ನಮ್ಮ ಮನೆಯದೇ ಕಥೆ ಹೇಳಬೇಕು. 2020ರಲ್ಲಿ ನಮ್ಮ ಹಿತ್ತಲಲ್ಲಿ ಒಂದು ಶೀಟ್ ಮನೆಯಿತ್ತು. ಬಾಡಿಗೆ 3,500 ರೂಪಾಯಿ, ಅಡ್ವಾನ್ಸು 15,000. ಒಡಿಶಾದ ಗಂಡಹೆಂಡತಿ, ಒಂದು ಮಗು. ಮಾರ್ಚ್ ಕೊನೆಗೆ ಎಲ್ಲ ನಿಂತಿತು. ಕೂಲಿಕಾರರಿಂದ ಒಂದು ತಿಂಗಳು ಮನೆ ಮಾಲೀಕರು ಬಾಡಿಗೆ ಕೇಳಬಾರದೆಂದು ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತು. ನಾವೂ ಕೇಳಲಿಲ್ಲ. ಅಮ್ಮ ಅಕ್ಕಿ ಕೊಟ್ಟರು, ಮಗುವಿಗೆ ಹಾಲು ಕೊಟ್ಟರು. ನಮಗೆ ನಮ್ಮ ಬಗ್ಗೆಯೇ ಬಹಳ ಹೆಮ್ಮೆಯಾಗಿತ್ತು. ಜೂನ್ ತಿಂಗಳ ಆರಂಭದಲ್ಲಿ ಅವರಿಗೆ ಊರಿಗೆ ಹೋಗುವ ರೈಲು ಸಿಕ್ಕಿತು. ಲೆಕ್ಕ ಮುಗಿಸಬೇಕಲ್ಲ. ಏಪ್ರಿಲ್ ಮತ್ತು ಮೇ ತಿಂಗಳ 7,000, ಸುಣ್ಣಬಣ್ಣಕ್ಕೆ 1,500, ಮುರಿದುಕೊಂಡು 6,500 ಕೈಗಿಟ್ಟೆವು. ನೋಟುಬುಕ್ಕಿನಲ್ಲಿ ಈ ಲೆಕ್ಕ ಬರೆದದ್ದು ಆಗ ಬಿ.ಎಸ್ಸಿ. ಓದುತ್ತಿದ್ದ ನಾವೇ. ಅವರು ಎಣಿಸಿಯೂ ನೋಡಲಿಲ್ಲ. ಅಮ್ಮನಿಗೆ ಕೈಮುಗಿದು ಹೋದರು.

ಬಾಡಿಗೆಯನ್ನು ನಾವು ಕೇಳಲಿಲ್ಲ, ನಿಜ. ಕೇಳದೆಯೇ ತೆಗೆದುಕೊಂಡೆವು.

ಆಗ ನಾವು ಕೆಟ್ಟವರಾಗಿದ್ದೆವೆಂದು ಈಗಲೂ ಅನಿಸುವುದಿಲ್ಲ. ಅಪ್ಪನಿಗೆ ಅರ್ಧ ಸಂಬಳ, ಅಣ್ಣನ ಬೈಕಿನ ಕಂತು, ನಮ್ಮ ಕಾಲೇಜು ಫೀಸಿಗೆಂದು ಅಮ್ಮನ ಸರ ಅಡವಿನಲ್ಲಿ. ಆ 7,000 ನಮಗೂ ಬೇಕಿತ್ತು. ಕೆಲಸ ನಿಂತದ್ದು ಅವರ ತಪ್ಪಲ್ಲ, ನಮ್ಮದೂ ಅಲ್ಲ. ಆದರೆ ಆ ನಷ್ಟ ಯಾರ ಹೆಗಲಿಗೆ ಬೀಳಬೇಕೆಂದು ತೀರ್ಮಾನ ಮಾಡುವ ಅಧಿಕಾರ ನಮ್ಮ ಕೈಯಲ್ಲಿತ್ತು, ಯಾಕೆಂದರೆ ಅವರ ದುಡ್ಡು ನಮ್ಮ ಬೀರುವಿನಲ್ಲಿತ್ತು. ಮನೆಯೂ ಸೈಟೂ ಇದ್ದವರು ನಾವು. ನಷ್ಟ ಹೊತ್ತದ್ದು ಎರಡು ಚೀಲ, ಒಂದು ಮಗು ಇದ್ದವರು.

ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಅಡವಿನ ಬಗ್ಗೆ ಒಂದು ನಿಯಮವಿದೆ. ಸಾಲ ಕೊಟ್ಟವನು ಅಡವು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು, ಅವನಾಗಿ ತಂದುಕೊಡಬೇಕು. ಅವನು ಬಡವನಾದರೆ, ಅಡವಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ಹಿಂದಕ್ಕೆ ಕೊಡಬೇಕು, ರಾತ್ರಿ ಹೊದ್ದು ಮಲಗಲು ಅದು ಅವನಿಗೆ ಬೇಕು. ಇದನ್ನು ಎಷ್ಟೋ ಸಲ ಓದಿದ್ದೆವು, ಹಳೆಯ ಕಾಲದ ಮಾತೆಂದು ಮುಂದೆ ಹೋಗಿದ್ದೆವು. ಅಡ್ವಾನ್ಸು ಎಂಬುದು ಆ ಹೊದಿಕೆಯೇ ಎಂದು ಹೊಳೆದದ್ದು ಈಗ, ಹೊಸ ಮನೆಗಳ ಲೆಕ್ಕ ಹಾಕಲು ಕೂತಾಗ.

ಆ ಲೆಕ್ಕ ಹೀಗಿದೆ. ಅಪ್ಪನ ಯೋಜನೆ ಪ್ರಕಾರ ಸೈಟಿನಲ್ಲಿ ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ಮನೆ. ಅಪ್ಪನ ಪಿ.ಎಫ್. ಹಣ ಹಾಕಿದ ಮೇಲೂ 20 ಲಕ್ಷ ಸಾಲ ಬೇಕು, ಅದು ನಮ್ಮ ಅಣ್ಣತಮ್ಮಂದಿರ ಹೆಸರಿನಲ್ಲಿ. ನೂರಕ್ಕೆ 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು 17,356. ಮನೆಗೆ 6,000ದಂತೆ ನಾಲ್ಕೂ ತುಂಬಿದರೆ 24,000 ಬರುತ್ತದೆ. ಒಂದು ಖಾಲಿಯಾದರೆ 18,000. ಕಂತು ಕಳೆದು ಉಳಿಯುವುದು 644 ರೂಪಾಯಿ, ಒಂದು ಮೋಟಾರ್ ಕೆಟ್ಟರೂ ಸಾಲದು. ಎರಡು ಖಾಲಿಯಾದರೆ ತಿಂಗಳಿಗೆ 5,356 ಕೈಯಿಂದ ಕಟ್ಟಬೇಕು. ಬಡ್ಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಮೇ 2022ರಲ್ಲಿ 4ರಲ್ಲಿದ್ದ ರಿಸರ್ವ್ ಬ್ಯಾಂಕಿನ ರೆಪೊ ದರ ಫೆಬ್ರವರಿ 2023ರ ಹೊತ್ತಿಗೆ 6.5 ಆಯಿತು. 20 ಲಕ್ಷಕ್ಕೆ ಬಡ್ಡಿ 7ರಿಂದ 9.5ಕ್ಕೆ ಏರಿದರೆ 15,506ರ ಕಂತು 18,643 ಆಗುತ್ತದೆ. ಇನ್ನು ಕಾರ್ಖಾನೆಗಳ ವಿಷಯ ಹೊಸೂರಿನವರಿಗೆ ಹೇಳಬೇಕೆ? 2019ರಲ್ಲಿ ವಾಹನ ಮಾರಾಟ ಕುಸಿದಾಗ ಕೆಲಸವಿಲ್ಲದ ದಿನಗಳನ್ನು ಘೋಷಿಸಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಬಾಡಿಗೆದಾರರಿಗೆ ಕೆಲಸ ಹೋಗುವ ತಿಂಗಳೇ ನಮಗೂ ಸಂಬಳ ಕಡಿಮೆಯಾಗುವ ತಿಂಗಳು. ಇಬ್ಬರದೂ ಒಂದೇ ದೋಣಿ.

"ಕೆಲಸ ಹೋದವರು ಎರಡು ತಿಂಗಳು ನಿಲ್ಲಿಸಿ ಅಂದ್ರೆ ಏನು ಮಾಡೋಣ ಅಪ್ಪಾ?" ಎಂದು ಕೇಳಿದೆವು.

"ನಾನು ಕಾಯ್ತೀನಪ್ಪ. ಬ್ಯಾಂಕಿನವರು ಕಾಯ್ತಾರಾ?" ಎಂದರು.

ಅಲ್ಲಿಗೆ ನಮಗೆ ವಿಷಯ ತಿಳಿಯಿತು. ಉದ್ದಕ್ಕೂ ಎಳೆದು ಕಟ್ಟಿದ ಹಗ್ಗದಂಥ ಸಾಲ ಮಾಡಿದವನು ಕರುಣೆ ತೋರಿಸಲಾರ. ಅವನು ಬಾಡಿಗೆದಾರನನ್ನು ಹೊರಗೆ ಹಾಕುವುದು ಕೆಟ್ಟತನದಿಂದಲ್ಲ, 5ನೇ ತಾರೀಖಿನ ಭಯದಿಂದ. ಹೊರಗೆ ಬಿದ್ದವನಿಗೆ ಎರಡೂ ಒಂದೇ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳುತ್ತಾರೆ. ಸಿಮೆಂಟು, ಕಬ್ಬಿಣ, ಜಲ್ಲಿಯ ಲೆಕ್ಕ ಎಲ್ಲರೂ ಹಾಕುತ್ತೇವೆ. ಕಾಯಬೇಕಾಗಿ ಬರುವ ಎರಡು ತಿಂಗಳ ಖರ್ಚನ್ನು ಯಾವ ಮೇಸ್ತ್ರಿಯ ಎಸ್ಟಿಮೇಟಿನಲ್ಲೂ ನಾವು ಕಂಡಿಲ್ಲ.

ಎರಡೇ ಮನೆ ಕಟ್ಟಿದರೆ 8 ಲಕ್ಷ ಸಾಲ ಸಾಕು, ಕಂತು 6,943. ಒಂದು ಮನೆ ಖಾಲಿಯಾದರೂ ಕೈಯಿಂದ ಹೋಗುವುದು ಸಾವಿರದೊಳಗೆ. ಎರಡೂ ಖಾಲಿಯಾದರೆ ಅಣ್ಣನೂ ನಾವೂ ಸೇರಿ ಕಟ್ಟಬಲ್ಲೆವು. ಅಣ್ಣನಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಪಕ್ಕದ ಬೀದಿಯವರು ಮೂರು ಮಹಡಿ ಎಬ್ಬಿಸುತ್ತಿರುವಾಗ ನಾವು ಮಾತ್ರ ಯಾಕೆ ಹೆದರಬೇಕು ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ: ಎಲ್ಲರೂ ಎರಡೆರಡೇ ಕಟ್ಟಿದರೆ ಬಂದವರು ಇರುವುದೆಲ್ಲಿ? ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ಒಂದು ಮನೆಯ ಮಟ್ಟಿಗೆ ಮಾತ್ರ ತೀರ್ಮಾನ ಮಾಡಬಲ್ಲೆವು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇವೆ, ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ ಫೆಬ್ರವರಿ 2019ರಿಂದ ಜಾರಿಯಲ್ಲಿದೆ. ಕರಾರು ಬರವಣಿಗೆಯಲ್ಲಿರಬೇಕು, ನೋಂದಾಯಿಸಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಅಡ್ವಾನ್ಸು ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಬಾಡಿಗೆ ಬಾಕಿಯೆಂದು ನೀರು, ಕರೆಂಟು ಕಡಿಯುವಂತಿಲ್ಲ. ಗಡಿಯಾಚೆ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ರೂಢಿಯನ್ನು ಇಲ್ಲಿಗೂ ತರುವವರು ಇದನ್ನು ಒಮ್ಮೆ ಓದಬೇಕು.

ಕರೆಂಟಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು, ಪಾಪನಿವೇದನೆಗೆ ಹೋಗುವಾಗಲೂ ನಮಗೆ ನೆನಪಾಗದ ವಿಷಯ ಅದು. ನಮ್ಮ ರಾಜ್ಯದಲ್ಲಿ ಮನೆಯ ಸಂಪರ್ಕಕ್ಕೆ ಎರಡು ತಿಂಗಳಿಗೆ ಒಂದಷ್ಟು ಯೂನಿಟ್ ಉಚಿತ. ನಾಲ್ಕು ಮನೆಗೂ ಒಂದೇ ಮೀಟರ್ ಇದ್ದರೆ ಆ ಉಚಿತ ಯೂನಿಟ್ ಒಮ್ಮೆ ಮಾತ್ರ ಸಿಗುತ್ತದೆ, ಮೇಲಾಗಿ ಬಳಕೆ ಒಟ್ಟಾಗಿ ದುಬಾರಿ ದರಕ್ಕೆ ಏರುತ್ತದೆ. ಹೀಗಾಗಿ ಮಾಲೀಕರು ಹೆಚ್ಚು ಕೇಳುವುದರಲ್ಲಿ ಒಂದಷ್ಟು ನಿಜವಿದೆ. ಆದರೆ ಸಬ್‌ಮೀಟರ್ ಓದಿ ಯೂನಿಟ್ಟಿಗೆ ಬಾಯಿಗೆ ಬಂದ ದರ ಹೇಳುವುದು, ಉಚಿತ ಯೂನಿಟ್ಟಿಗೂ ದುಡ್ಡು ವಸೂಲು ಮಾಡುವುದು? ಸರಕಾರ ಆ ಕೂಲಿಕಾರನಿಗೂ ಕೊಟ್ಟದ್ದನ್ನು ನಡುವೆ ನಿಂತು ನಾವು ತಿಂದಂತೆ. ಬಿಲ್ಲನ್ನು ಬಾಗಿಲಿಗೆ ಅಂಟಿಸಿ, ಬಂದಷ್ಟನ್ನೇ ಭಾಗ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಯಾರಿಗೆ ಬಾಡಿಗೆಗೆ ಕೊಡುವುದು ಎಂಬ ಚರ್ಚೆ ನಮ್ಮಲ್ಲಿ ಬೇಗ ಮುಗಿಯಿತು. ಬೆಂಗಳೂರಿನಲ್ಲಿ ರೂಮು ಹುಡುಕುವಾಗ ಕೊರಳಿನ ಶಿಲುಬೆ ನೋಡಿ "ನಮ್ಮ ಮನೇಲಿ ಮಾಂಸ ಆಗಲ್ಲಪ್ಪ" ಎಂದು ಬಾಗಿಲು ಹಾಕಿಸಿಕೊಂಡವರು ನಾವು. ಇಲ್ಲಿ ಕೂತು "ಹಿಂದಿಯವರಿಗೆ ಕೊಡಲ್ಲ" ಎಂದು ಬೋರ್ಡು ಬರೆಯಲು ಕೈ ಬರಲಿಲ್ಲ.

ಆ ಒಡಿಶಾದವರ ಫೋನ್ ನಂಬರಿಗೆ ಹೋದ ವಾರ ಕರೆ ಮಾಡಿದೆವು. ಬೇರೆ ಯಾರೋ ಎತ್ತಿದರು. ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಹಿಂದಿನ ಸಾಲಿನವರಲ್ಲಿ ವಿಚಾರಿಸುತ್ತಿದ್ದೇವೆ. 7,000ವನ್ನು ಅಮ್ಮ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾರೆ. ಪಾಯದ ಕೆಲಸ ಮಳೆ ನಿಂತ ಮೇಲೆ. ಎರಡು ಮನೆಗೂ ಬೇರೆ ಬೇರೆ ಮೀಟರಿಗೆ ಎಷ್ಟು ಖರ್ಚಾಗುತ್ತದೆಂದು ಅಪ್ಪ ಸೋಮವಾರ ಕೇಳಿಕೊಂಡು ಬರುತ್ತಾರೆ.